ಮಿರ್-200 ಏರಿತೋ, ಇಳಿಯಿತೋ?

ಕಳೆದ ಭಾನುವಾರ ಮುಂಬೈಯ ಮಾಟುಂಗಾದಲ್ಲಿ ನಮ್ಮ ಓದಿನ ಗುಂಪು ಸೇರಿತ್ತು. ಹುಬ್ಬಳ್ಳಿಯ ಗೆಳತಿ ಒಂದು ಪಟ್ಟಿ ಬರೆದುಕೊಂಡು ಬಂದಿದ್ದಳು. ಮಹಿಳೆಯರ ಜನನಾಂಗದ ಕ್ಯಾನ್ಸರ್‌ಗಳಲ್ಲಿ ಮಿರ್-21 ಏರಿಕೆ, ಮಿರ್-34ಎ ಇಳಿಕೆ, ಲೆಟ್-7 ಇಳಿಕೆ. (ಮಿರ್ ಅಂದರೆ ಮೈಕ್ರೋಆರ್‌ಎನ್‌ಎ, ಕೋಶದೊಳಗಿನ ಪುಟ್ಟ ಆರ್‌ಎನ್‌ಎ ತುಂಡು. ಲೆಟ್-7 ಕೂಡ ಅದೇ ಜಾತಿ.) ಮಿರ್-200ರ ಎದುರು ಮಾತ್ರ ಎರಡು ಬಾಣ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. "ಒಂದು ಕಡೆ ಹಿಂಗ, ಇನ್ನೊಂದು ಕಡೆ ಹಂಗ. ಯಾವುದು ಖರೆ?" ಅಂದಳು. ಎರಡೂ ಖರೆ. ಯಾಕೆ ಅಂತ ಆವತ್ತು ಬಾಯಲ್ಲಿ ಸರಿಯಾಗಿ ಹೇಳೋಕೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾಟುಂಗಾ ಅಂದಮೇಲೆ ಉಡುಪಿ ಹೋಟೆಲ್ಲಿನ ಉದಾಹರಣೆಯೇ ಇರಲಿ. ಡಿಎನ್‌ಎ ಅಂದರೆ ಬೀಗ ಹಾಕಿಟ್ಟ ಅಡುಗೆ ಪುಸ್ತಕ. ಎಂಆರ್‌ಎನ್‌ಎ ಅಡುಗೆಮನೆಗೆ ಹೋಗುವ ಚೀಟಿ. ಪ್ರೋಟೀನ್ ಪ್ಲೇಟಿಗೆ ಬರುವ ದೋಸೆ. ಮೈಕ್ರೋಆರ್‌ಎನ್‌ಎ ನಡುವೆ ನಿಂತು ಕೆಲವು ಚೀಟಿ ತಡೆಹಿಡಿಯುತ್ತದೆ, ಕೆಲವನ್ನು ಹರಿದುಹಾಕಿಸುತ್ತದೆ. ದೋಸೆ ಪೂರ್ತಿ ನಿಲ್ಲುವುದಿಲ್ಲ, ಹತ್ತರ ಬದಲು ಆರೋ ಏಳೋ ಬರುತ್ತದೆ, ಅಷ್ಟೇ.

ಮೈಕ್ರೋಆರ್‌ಎನ್‌ಎ ತಯಾರಾಗುವುದು ಎರಡು ಕತ್ತರಿಯಲ್ಲಿ, ಅಂದರೆ ಎರಡು ಕಿಣ್ವಗಳಲ್ಲಿ. ಕೋಶಕೇಂದ್ರದೊಳಗೆ ಡ್ರೋಶಾ, ಹೊರಗೆ ಡೈಸರ್. ಕೊನೆಗೆ ಉಳಿಯುವುದು ಸುಮಾರು 22 ಅಕ್ಷರ. ಅದರಲ್ಲೂ 2ರಿಂದ 8ನೇ ಅಕ್ಷರದವರೆಗಿನ ಸೀಡ್ ಭಾಗ ಚೀಟಿಯ ಬಾಲಕ್ಕೆ, ಅಂದರೆ 3 ಪ್ರೈಮ್ ಯುಟಿಆರ್‌ಗೆ, ಜೋಡಿಯಾದರೆ ಬಹುತೇಕ ಸಾಕು. ಏಳು ಅಕ್ಷರದ ಜೋಡಿ ಎಲ್ಲೆಲ್ಲೋ ಸಿಗುತ್ತದೆ ಅಲ್ವಾ? ಹಾಗಾಗಿ ಒಂದು ಮಿರ್‌ಗೆ ನೂರಾರು ಗುರಿ. ಮೊದಲನೆಯದಾದ ಲಿನ್-4 ಸಿಕ್ಕಿದ್ದು 1993ರಲ್ಲಿ, ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ. ಆ ಕೆಲಸಕ್ಕೆ ಆಂಬ್ರೋಸ್ ಮತ್ತು ರುವ್ಕುನ್‌ಗೆ 2024ರ ನೊಬೆಲ್ ಬಂತು. ಪರೀಕ್ಷೆಗೆ ಇಷ್ಟು ಇತಿಹಾಸ ಸಾಕು.

ಗರ್ಭಕಂಠದ ಕಥೆ ಸುಲಭ. ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಇ6 ಪ್ರೋಟೀನ್, ಕ್ಯಾನ್ಸರ್ ತಡೆಯುವ ನಮ್ಮ ಪಿ53 ಪ್ರೋಟೀನನ್ನು ಮುರಿದುಹಾಕಿಸುತ್ತದೆ. ಮಿರ್-34ಎಯನ್ನು ಚಾಲೂ ಮಾಡುವವರಲ್ಲಿ ಪಿ53 ಮುಖ್ಯ. ಅದು ಹೋದರೆ ಮಿರ್-34ಎ ಇಳಿಯುತ್ತದೆ, ಕೋಶ ವಿಭಜನೆಯ ಬ್ರೇಕ್ ಸಡಿಲಾಗುತ್ತದೆ. (ಒಂದು ಮಾತು: ಈ ಕ್ಯಾನ್ಸರ್ ತಪಾಸಣೆಗೆ ಮಿರ್ ಬೇಕಿಲ್ಲ. ಟಾಟಾ ಮೆಮೋರಿಯಲ್‌ನವರು 1998ರಿಂದ ಇದೇ ಮುಂಬೈಯ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಮೇಲೆ ನಡೆಸಿದ ಅಧ್ಯಯನದಲ್ಲಿ, ಬರೀ ವಿನೆಗರ್ ಹಚ್ಚಿ ನೋಡುವ ಪರೀಕ್ಷೆಯಿಂದ ಸಾವು 31% ಕಡಿಮೆಯಾಯಿತು.)

ಗರ್ಭಕೋಶದ ಒಳಪದರದ ಕ್ಯಾನ್ಸರಲ್ಲಿ ನೆನಪಿಡಬೇಕಾದ ಹೆಸರು ಪಿಟೆನ್. ಅದೂ ಒಂದು ಬ್ರೇಕ್. ಬಹಳ ಗಡ್ಡೆಗಳಲ್ಲಿ ಪಿಟೆನ್ ಜೀನೇ ಕೆಟ್ಟಿರುತ್ತದೆ. ಜೊತೆಗೆ ಮಿರ್-205, ಮಿರ್-21 ಜಾಸ್ತಿಯಾಗಿ ಅದರ ಚೀಟಿಯನ್ನೂ ತಡೆಯುತ್ತವೆ.

ಈಗ ಅಂಡಾಶಯ. ಮಿರ್-200 ಒಂದೇ ಅಲ್ಲ, ಐದು ಜನರ ಕುಟುಂಬ: 200ಎ, 200ಬಿ, 200ಸಿ, 141, 429. ಇವು ಜೆಬ್1, ಜೆಬ್2 ಎಂಬ ಪ್ರೋಟೀನುಗಳನ್ನು ಅದುಮಿಡುತ್ತವೆ. ಜೆಬ್ ತಗ್ಗಿದ್ದರೆ ಕೋಶಗಳನ್ನು ಅಂಟಿಸುವ ಇ-ಕ್ಯಾಡ್ಹೆರಿನ್ ಪ್ರೋಟೀನ್ ಇರುತ್ತದೆ, ಕೋಶಗಳು ಪಕ್ಕದವರ ಕೈ ಹಿಡಿದು ನಿಂತಿರುತ್ತವೆ. ಮಿರ್-200 ಇಳಿದರೆ ಕೈ ಬಿಡಿಸಿಕೊಂಡು ಹೊರಡುತ್ತವೆ. ಕೆಳಗಿನ ಬಾಣ ಬಂದದ್ದು ಇಲ್ಲಿಂದ, ಗಡ್ಡೆ ಹರಡುವ ಹಂತದಿಂದ.

ಮೇಲಿನ ಬಾಣ? ಅಲ್ಲಿ ಗಡ್ಡೆಯನ್ನು ಹೋಲಿಸಿದ್ದು ಅಂಡಾಶಯದ ಹೊರಮೈ ಕೋಶಗಳ ಜೊತೆ. ಆ ಕೋಶಗಳಲ್ಲಿ ಮೊದಲೇ ಇ-ಕ್ಯಾಡ್ಹೆರಿನ್ ಕಡಿಮೆ, ಮಿರ್-200 ಕೂಡ ಕಡಿಮೆ. ಅದರ ಮುಂದೆ ಇಟ್ಟರೆ ಗಡ್ಡೆಯಲ್ಲಿ ಜಾಸ್ತಿ ಕಾಣದೆ ಇರುತ್ತದೆಯೇ? ಆದರೆ ಹೈ ಗ್ರೇಡ್ ಸೀರಸ್ (ಅಂಡಾಶಯ ಕ್ಯಾನ್ಸರಿನ ಒಂದು ಉಗ್ರ ಬಗೆ) ಗಡ್ಡೆಗಳಲ್ಲಿ ಬಹಳಷ್ಟು ಹುಟ್ಟುವುದು ಅಂಡನಾಳದ ತುದಿಯಲ್ಲಿ ಅಂತ ಈಗ ಗೊತ್ತಾಗಿದೆ. ಅಲ್ಲಿನ ಕೋಶಗಳಲ್ಲಿ ಮಿರ್-200 ಸಹಜವಾಗಿಯೇ ಚೆನ್ನಾಗಿದೆ. ಹೋಲಿಕೆ ಬದಲಾದರೆ ಬಾಣವೂ ಬದಲು. ಗೆಳತಿಗೆ ಹೇಳುವುದು ಇಷ್ಟೇ: ಪಟ್ಟಿಯಲ್ಲಿ "ಯಾವುದರ ಜೊತೆ ಹೋಲಿಸಿ" ಅಂತ ಇನ್ನೊಂದು ಕಾಲಂ ಹಾಕು, ಇಲ್ಲದಿದ್ದರೆ ಸುಮ್ನೆ ಬಾಯಿಪಾಠ ಆಗುತ್ತದೆ.

ಅಂಡಾಶಯದ್ದೇ ಇನ್ನೊಂದು ವಿಚಿತ್ರ ಗಡ್ಡೆಯಿದೆ, ಸೆರ್ಟೋಲಿ-ಲೇಡಿಗ್. ಅಪರೂಪದ್ದು. ಇದರಲ್ಲಿ ಹಲವು ಸಲ ಡೈಸರ್ ಎಂಬ ಕತ್ತರಿಯ ಒಂದೇ ಅಲಗು ಮೊಂಡಾಗಿರುತ್ತದೆ. ಹಾಗಾಗಿ ಹೇರ್‌ಪಿನ್ನಿನಂತೆ ಮಡಚಿದ ಆರ್‌ಎನ್‌ಎ ಕಡ್ಡಿಯ ಒಂದು ಬದಿಯ ಮಿರ್‌ಗಳು, ಅಂದರೆ 5ಪಿ ಬದಿಯವು, ಸರಿಯಾಗಿ ತಯಾರಾಗುವುದಿಲ್ಲ. 3ಪಿ ಬದಿಯವು ತಯಾರಾಗುತ್ತವೆ. ಲೆಟ್-7 ಬಹುಪಾಲು 5ಪಿ ಬದಿಯದು. ನನಗೆ ಇಡೀ ಅಧ್ಯಾಯದಲ್ಲಿ ಇಷ್ಟವಾದದ್ದು ಇದೇ.

ಇನ್ನು ರಕ್ತ ಪರೀಕ್ಷೆ. ಮಿರ್‌ಗಳು ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇಗ ಕೆಡುವುದಿಲ್ಲ. ಹಾಗಾದರೆ ರಕ್ತದಲ್ಲೇ ಕ್ಯಾನ್ಸರ್ ಹಿಡಿಯಬಹುದಲ್ಲ ಅಂತ ಆಸೆ. ಅಭ್ಯಾಸಕ್ಕೆ ನಮ್ಮ ಬ್ಯಾಚಿನವರದ್ದೇ ರಕ್ತ ತೆಗೆದಿದ್ದೆವು. ಒಂದು ಟ್ಯೂಬಿನಲ್ಲಿ ಮಿರ್-451 ವಿಪರೀತ ಏರಿತ್ತು. ನಾನು ಖುಷಿಯಿಂದ ಗ್ರಾಫ್ ಬರೆದು ತೋರಿಸಿದೆ. ಮೇಡಂ ಗ್ರಾಫ್ ನೋಡಲೇ ಇಲ್ಲ, ಉಳಿದ ಸೀರಮ್ ತರಿಸಿ ಬೆಳಕಿಗೆ ಹಿಡಿದರು. ತೆಳು ಪುನರ್ಪುಳಿ ನೀರಿನ ಬಣ್ಣ. ಸಣ್ಣ ಸೂಜಿಯಲ್ಲಿ ರಭಸವಾಗಿ ಎಳೆದು ಕೆಂಪು ರಕ್ತಕಣ ಒಡೆದಿದ್ದೆ, ಮತ್ತು ಮಿರ್-451 ತುಂಬಿರುವುದೇ ಆ ಕಣಗಳಲ್ಲಿ. ಮಿರ್-16 ಕೂಡ ಅಲ್ಲಿ ಜಾಸ್ತಿ. ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರೆ ಉಳಿದ ಲೆಕ್ಕವೂ ಹಾಳಾಗುತ್ತಿತ್ತು. ಈಗ ಸೀರಮ್ ಬೇರೆ ಮಾಡಿದ ಕೂಡಲೇ ಅದು 414 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಓದುತ್ತೇನೆ. ಹಿಮೋಗ್ಲೋಬಿನ್ ಇದ್ದರೆ ಅಲ್ಲಿ ಎದ್ದು ಕಾಣುತ್ತದೆ, ಆ ಟ್ಯೂಬ್ ಬದಿಗೆ.