ಲಾಕ್ ತೆಗಿ ಅಂದ್ರೆ ತೆಗೀಬೇಕಾ? ಪೊಲೀಸ್ ಸರ್ಚ್, ವಾರಂಟ್, ಖಾಸಗಿತನದ ಹಿಂದಿನ ಕಥೆ

ಹೋದ ವರ್ಷ ಒಂದಿನ ರಾತ್ರಿ ಬೈಕಲ್ಲಿ ಮನೆಗೆ ಬರ್ತಿದ್ದೆ, ಬ್ಯಾರಿಕೇಡ್ ಹತ್ರ ನಿಲ್ಲಿಸಿದ್ರು. ಡಿಎಲ್ ನೋಡಿದ್ರು, ಸರಿ. ಆಮೇಲೆ "ಫೋನ್ ಕೊಡಿ, ಲಾಕ್ ತೆಗೀರಿ" ಅಂದ್ರು. ಕೊಟ್ಟೆ. ವಾಟ್ಸಾಪಲ್ಲಿ ಏನೋ ಟೈಪ್ ಮಾಡಿ ಹುಡುಕಿ ವಾಪಸ್ ಕೊಟ್ರು. ಎರಡೇ ನಿಮಿಷ, ಆದ್ರೆ ಅಮ್ಮನ ಸ್ಕ್ಯಾನಿಂಗ್ ರಿಪೋರ್ಟೂ ಅದರಲ್ಲೇ ಇತ್ತು. ಇದಕ್ಕೆ ಕಾನೂನಿದ್ಯಾ ಅಂತ ಅವತ್ತಿಂದ ಓದ್ತಾ ಇದೀನಿ.

ಅಮೆರಿಕದ ಸಂವಿಧಾನದಲ್ಲಿ ಸರ್ಚ್ ಬಗ್ಗೆನೇ ಒಂದು ತಿದ್ದುಪಡಿ ಇದೆ, ನಮ್ಮದರಲ್ಲಿ ಇಲ್ಲ. 1954ರ ಎಂ.ಪಿ. ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟಿನ ಎಂಟು ಜಡ್ಜ್‌ಗಳು ಇದನ್ನೇ ಹೇಳಿ, ಇಲ್ಲದ ಖಾಸಗಿತನದ ಹಕ್ಕನ್ನ ನಾವು ಎಳ್ಕೊಂಡು ತರೋಕಾಗಲ್ಲ ಅಂದ್ರು. 1962ರಲ್ಲಿ ಉತ್ತರ ಪ್ರದೇಶದ ಖರಕ್ ಸಿಂಗ್ ಕೇಸು. ದರೋಡೆ ಕೇಸಲ್ಲಿ ಸಾಕ್ಷಿ ಇಲ್ಲದೆ ಬಿಟ್ಟು ಕಳಿಸಿದ ಮನುಷ್ಯ, ಆದ್ರೂ ಅವರ ಹೆಸರಲ್ಲಿ ಹಿಸ್ಟರಿ ಶೀಟ್ ತೆಗೆದು ರಾತ್ರಿ ಹೊತ್ತು ಬಾಗಿಲು ಬಡಿದು ಎಬ್ಬಿಸ್ತಿದ್ರು. ಹಾಗೆ ಬಡಿಯೋದು ತಪ್ಪು ಅಂತ ಕೋರ್ಟ್ ಹೇಳ್ತು, ಆದ್ರೆ ಖಾಸಗಿತನ ಮೂಲಭೂತ ಹಕ್ಕಲ್ಲ ಅಂತಾನೂ ಬಹುಮತದಲ್ಲಿ ಬರೀತು. ಆಮೇಲೆ 1996ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಫೋನ್ ಕದ್ದಾಲಿಕೆಗೆ ಕಟ್ಟುಪಾಡು ಹಾಕ್ತು, 2017ರ ಆಗಸ್ಟ್ 24ಕ್ಕೆ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಕೇಸಲ್ಲಿ ಒಂಬತ್ತೂ ಜಡ್ಜ್‌ಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೇ ಅಂದ್ರು.

ಹಕ್ಕೇನೋ ಬಂತು, ಫೋನ್‌ಗೆ ಅದು ಹೇಗೆ ಅನ್ವಯ ಆಗುತ್ತೆ ಅನ್ನೋದನ್ನ ಬಿಡಿಸಿ ಹೇಳಿದ್ದು 2021ರ ಮಾರ್ಚಲ್ಲಿ ಕರ್ನಾಟಕ ಹೈಕೋರ್ಟು. ಬೆಂಗಳೂರಿನ ಡ್ರಗ್ಸ್ ಕೇಸೊಂದರ ಆರೋಪಿಗೆ ಪಾಸ್‌ವರ್ಡ್ ಕೊಡು, ಪಾಲಿಗ್ರಾಫ್ (ಸುಳ್ಳು ಪತ್ತೆ) ಟೆಸ್ಟಿಗೂ ಬಾ ಅಂತ ಕೆಳ ಕೋರ್ಟ್ ಆದೇಶ ಮಾಡಿತ್ತು. ನ್ಯಾ. ಸೂರಜ್ ಗೋವಿಂದರಾಜ್ ಅವರು ಹೇಳಿದ್ದು: ಮನೆ ಸರ್ಚ್‌ಗೆ ಹೇಗೆ ವಾರಂಟ್ ಬೇಕೋ ಫೋನ್, ಲ್ಯಾಪ್‌ಟಾಪ್‌ಗೂ ಹಾಗೇ ಬೇಕು, ತೀರಾ ತುರ್ತು ಇದ್ರೆ ವಾರಂಟ್ ಯಾಕೆ ತರ್ಲಿಲ್ಲ ಅನ್ನೋದಕ್ಕೆ ತನಿಖಾಧಿಕಾರಿ ಕಾರಣ ಬರೆದಿಡಬೇಕು. ಒಪ್ಪಿಗೆ ಇಲ್ಲದೆ ಪಾಲಿಗ್ರಾಫ್ ಇಲ್ಲ. ಜಪ್ತಿ ಮಾಡಿದ ಫೋನನ್ನ ಸಿಗ್ನಲ್ ಒಳಗೆ ಹೋಗದಂಥ ಫ್ಯಾರಡೆ ಚೀಲದಲ್ಲಿಡಿ, ಅದರಲ್ಲಿರೋದನ್ನ ಕೋರ್ಟ್ ಅನುಮತಿ ಇಲ್ಲದೆ ಮೂರನೆಯವರಿಗೆ ಕೊಡಬೇಡಿ. ಇಷ್ಟೆಲ್ಲಾ ಹೇಳಿದ ಮೇಲೆ, ಕೋರ್ಟ್ ಕೇಳಿದಾಗ ಪಾಸ್‌ವರ್ಡ್ ಕೊಡೋದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗಲ್ಲ, ಬೆರಳಚ್ಚು ಕೊಟ್ಟ ಹಾಗೆ ಅಂತಾನೂ ತೀರ್ಪಿದೆ. ಇದೊಂದು ನಂಗೆ ಒಪ್ಪೋಕೆ ಕಷ್ಟ, ಬೆರಳಚ್ಚಿಂದ ನಾನ್ಯಾರು ಅಂತ ಗೊತ್ತಾಗುತ್ತೆ ಅಷ್ಟೇ, ಪಾಸ್‌ವರ್ಡ್ ಕೊಟ್ರೆ ನನ್ನ ಇಡೀ ಬದುಕೇ ತೆರೆದುಕೊಳ್ಳುತ್ತೆ.

ಅದೇ ವರ್ಷ ಅಕ್ಟೋಬರಲ್ಲಿ ಹೈದರಾಬಾದಿನ ರಸ್ತೆಗಳಲ್ಲಿ ಜನರ ಫೋನ್ ಇಸ್ಕೊಂಡು ಗಾಂಜಾ ಅನ್ನೋ ಪದ ಹುಡುಕ್ತಿದ್ದ ವಿಡಿಯೋ ಎಲ್ಲರೂ ನೋಡಿದ್ರು. 2023ರ ನವೆಂಬರಲ್ಲಿ ಪತ್ರಕರ್ತರ ಫೋನ್, ಲ್ಯಾಪ್‌ಟಾಪ್ ಜಪ್ತಿಗೆ ಮಾರ್ಗಸೂಚಿ ತನ್ನಿ ಅಂತ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳ್ತು. 2024ರ ಜುಲೈಲಿ, ಜಾಮೀನು ಬೇಕಂದ್ರೆ ಗೂಗಲ್ ಲೊಕೇಶನ್ ಪೊಲೀಸರಿಗೆ ಕಾಣೋ ಹಾಗೆ ಇಡು ಅನ್ನೋ ಷರತ್ತನ್ನ ಹೊಡೆದು ಹಾಕ್ತು. ಅದೇ ತಿಂಗಳ 1ರಿಂದ ಜಾರಿಯಾದ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್ 105ನೇ ಸೆಕ್ಷನ್ ಪ್ರಕಾರ ಸರ್ಚ್, ಜಪ್ತಿ, ಜಪ್ತಿಯಾದ ವಸ್ತುಗಳ ಪಟ್ಟಿಗೆ ಸಾಕ್ಷಿಗಳ ಸಹಿ ಎಲ್ಲಾ ವಿಡಿಯೋ ಆಗಬೇಕು, ಆ ವಿಡಿಯೋ ತಡ ಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು.

ಇಷ್ಟೆಲ್ಲಾ ಇದ್ರೂ ಗಂಟು ಇರೋದು ಸುಪ್ರೀಂ ಕೋರ್ಟಿನ 1973ರ ಪೂರಣ್ ಮಲ್ ತೀರ್ಪಲ್ಲಿ. ಸರ್ಚ್ ಕಾನೂನುಬಾಹಿರ ಆದ್ರೂ ಸಿಕ್ಕಿದ ಸಾಕ್ಷಿಯನ್ನ ಆ ಕಾರಣಕ್ಕೇ ತಳ್ಳಿ ಹಾಕಬೇಕಿಲ್ಲ ಅಂತ ಅದು ಹೇಳುತ್ತೆ, ಅದಕ್ಕೆ ಆಧಾರವಾಗಿ ಹಿಡಿದಿದ್ದು ಮತ್ತದೇ ಎಂ.ಪಿ. ಶರ್ಮಾ ಕೇಸನ್ನ. ಖಾಸಗಿತನ ಇಲ್ಲ ಅಂದಿದ್ದ ಶರ್ಮಾ ತೀರ್ಪಿನ ಮಾತು 2017ರಲ್ಲಿ ಬಿದ್ದುಹೋಯ್ತು, ಪೂರಣ್ ಮಲ್ ಮಾತ್ರ ಇನ್ನೂ ನಿಂತಿದೆ. ಹಾಗಾಗಿ ಬ್ಯಾರಿಕೇಡ್ ಹತ್ರ ವಾರಂಟ್ ಇಲ್ಲದೆ ನನ್ನ ಫೋನಲ್ಲಿ ಏನಾದ್ರೂ ಸಿಕ್ಕಿದ್ದಿದ್ರೆ, ಅದು ಹೇಗೆ ಸಿಕ್ತು ಅಂತ ನಮ್ಮ ವಕೀಲರು ಎಷ್ಟೇ ವಾದ ಮಾಡಿದ್ರೂ ಅದು ಕೋರ್ಟಲ್ಲಿ ಸಾಕ್ಷಿಯಾಗಿ ಉಳಿಯೋ ಸಾಧ್ಯತೆನೇ ಜಾಸ್ತಿ.