ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಬಹುದಾ?

ಪ್ರಶ್ನೆ: ನಮ್ಮ ಯಜಮಾನರು ಆರ್ಮಿಯಿಂದ ನಿವೃತ್ತರಾಗಿ ಊರಿಗೆ ಬಂದಿದ್ದಾರೆ. ಮೊದಮೊದಲು ಚೆನ್ನಾಗಿದ್ದರು. ಈಗ ರಾತ್ರಿ ನಿದ್ದೆಯಿಲ್ಲ, ಯಾರ ಜೊತೆಗೂ ಮಾತಿಲ್ಲ, ಕುಡಿತ ಜಾಸ್ತಿಯಾಗಿದೆ. ಮೊನ್ನೆ "ನಾನಿಲ್ಲದಿದ್ರೆ ನಿಮಗೆ ಪೆನ್ಷನ್ ಆದ್ರೂ ಬರುತ್ತೆ" ಅಂದರು. ಸಾಯುವ ಯೋಚನೆ ಇದೆಯಾ ಅಂತ ಕೇಳಿಬಿಡೋಣ ಅನ್ನಿಸುತ್ತದೆ. ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದ ಹಾಗಾದರೆ?

ಉತ್ತರ: ಕೇಳಿ. ಇವತ್ತೇ ಕೇಳಿ.

ಈ ಭಯ ನಿಮ್ಮೊಬ್ಬರದಲ್ಲ. ಮಾಜಿ ಸೈನಿಕರ ಮನೆಗಳಲ್ಲಿ ಹೆಂಡತಿ, ಅಮ್ಮ, ಮಕ್ಕಳು ಎಲ್ಲರೂ ಇದೇ ಭಯದಲ್ಲಿ ಬಾಯಿ ಕಟ್ಟಿಕೊಂಡಿರುತ್ತಾರೆ. ಆದರೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಅನ್ನುವುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಯೋಚನೆ ಇದ್ದವರಿಗೆ, ಕೊನೆಗೂ ಯಾರೋ ಕೇಳಿದರಲ್ಲ ಅಂತ ಎದೆಯ ಭಾರ ಸ್ವಲ್ಪ ಇಳಿಯುತ್ತದೆ.

ಹೇಗೆ ಕೇಳುತ್ತೀರಿ ಅನ್ನುವುದು ಮುಖ್ಯ. "ಹುಚ್ಚುಚ್ಚಾಗಿ ಏನೂ ಯೋಚನೆ ಮಾಡ್ತಿಲ್ಲ ತಾನೇ?" ಅಂದರೆ "ಇಲ್ಲ" ಅನ್ನುವ ಉತ್ತರವನ್ನು ನಾವೇ ಕೈಗೆ ಕೊಟ್ಟ ಹಾಗೆ. ಮಕ್ಕಳು ಮಲಗಿದ ಮೇಲೆ, ಅವರು ಕುಡಿಯದೇ ಇರುವಾಗ, ಪಕ್ಕದಲ್ಲಿ ಕೂತು ಕೇಳಿ: "ಮೊನ್ನೆ ನೀವು ಹಾಗಂದ್ರಿ. ನಿಜವಾಗ್ಲೂ ಸತ್ತುಹೋಗಬೇಕು ಅನ್ನಿಸ್ತಿದೆಯಾ?" ಕೇಳಿದ ಮೇಲೆ ಸುಮ್ನೆ ಇರಿ. ಅವರು ಮಾತಾಡಲು ಹೊತ್ತು ಹಿಡಿಯಬಹುದು. ಹೌದು ಅಂದರೆ ಬೈಯಬೇಡಿ. "ಮಿಲಿಟರಿಯಲ್ಲಿದ್ದವರು ನೀವೇ ಹೀಗಂದ್ರೆ ಹೇಗೆ" ಅನ್ನುವ ಮಾತಂತೂ ಬೇಡವೇ ಬೇಡ. ಆ ಮಾತನ್ನು ಅವರು ತಮಗೆ ತಾವೇ ನೂರು ಸಲ ಹೇಳಿಕೊಂಡಿರುತ್ತಾರೆ. ಹೇಗೆ, ಯಾವಾಗ ಅಂತ ಏನಾದರೂ ಯೋಚಿಸಿದ್ದೀರಾ ಅಂತಲೂ ಕೇಳಿ. ಹೌದು ಅಂದರೆ ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲವೇ 112ಕ್ಕೆ ಕರೆ ಮಾಡಿ.

ಊರಿನವರಿಗೆ ಇದೆಲ್ಲ ಅರ್ಥವಾಗುವುದು ಕಷ್ಟ. "ಪೆನ್ಷನ್ ಇದೆ, ಮಿಲಿಟರಿ ಕ್ಯಾಂಟೀನ್ ಇದೆ, ಇನ್ನೇನು ಕಮ್ಮಿ?" ಅಂತಾರೆ. ನಮ್ಮ ಜವಾನರು ಹದಿನೈದಿಪ್ಪತ್ತು ವರ್ಷ ಸೇವೆ ಮಾಡಿ 35-40ರ ವಯಸ್ಸಿಗೆ ಮನೆಗೆ ಬರುತ್ತಾರೆ. ಬೆಳಗಿನ ಪಿಟಿಯಿಂದ ಸಂಜೆಯ ರೋಲ್‌ಕಾಲ್‌ವರೆಗೆ ದಿನಕ್ಕೊಂದು ಕಟ್ಟುಪಾಡು ಇತ್ತು. ಪಕ್ಕದಲ್ಲಿ ಜೀವಕ್ಕೆ ಜೀವ ಕೊಡುವ "ಬಡ್ಡಿ", ಅಂದರೆ ಜೋಡಿ ಸೈನಿಕ, ಇದ್ದ. ಇಲ್ಲಿ ಅದ್ಯಾವುದೂ ಇಲ್ಲ. ಜಮೀನು ಅಣ್ಣತಮ್ಮಂದಿರ ಕೈಯಲ್ಲಿರುತ್ತದೆ. ರಜೆಯಲ್ಲಷ್ಟೇ ನೋಡಿದ್ದ ಮಕ್ಕಳು ದೊಡ್ಡವರಾಗಿರುತ್ತಾರೆ. ಗಡಿಯಲ್ಲಿ ಕಂಡದ್ದು ರಾತ್ರಿ ಕಣ್ಣು ಮುಚ್ಚಿದರೆ ಎದುರಿಗೆ ಬರುತ್ತದೆ. ಕ್ಯಾಂಟೀನ್ ಕೋಟಾದ ಮದ್ಯದ ಬಾಟಲಿ ಮನೆಯಲ್ಲೇ ಇರುತ್ತದೆ. ಕುಡಿದಾಗ ತಡೆಯುವ ಬುದ್ಧಿ ಸಡಿಲವಾಗುತ್ತದೆ, ಅಪಾಯ ಹೆಚ್ಚುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಮನೆಯಲ್ಲಿ ಬಂದೂಕು ಇದೆಯಾ?

ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿರುವ ಎಷ್ಟೋ ಮಾಜಿ ಸೈನಿಕರಿಗೆ ಅದೇ ಅನ್ನ. ಕೊಡಗಿನಲ್ಲಂತೂ ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದಲೇ ವಿನಾಯಿತಿ ಇದೆ. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ತೋಕ್ ಪೂ ಅನ್ನುವ ಹೂವಿಟ್ಟು ಕೋವಿಗೆ ಪೂಜೆ ಮಾಡುವ ಮನೆಯಲ್ಲಿ "ಅದನ್ನು ಕೊಡಿ" ಅನ್ನುವುದು ಸುಲಭದ ಮಾತಲ್ಲ, ಗೊತ್ತು. ಆದರೂ ಕೇಳಲೇಬೇಕು. ಸಾಯಬೇಕು ಅನ್ನುವ ಆ ತೀವ್ರ ಗಳಿಗೆ ಹೆಚ್ಚಿನವರಲ್ಲಿ ಬಹಳ ಹೊತ್ತು ಇರುವುದಿಲ್ಲ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯಬಹುದು. ಇಸ್ರೇಲ್ ಸೇನೆ 2006ರಲ್ಲಿ ಒಂದು ನಿಯಮ ತಂದಿತು. ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು, ಅಷ್ಟೇ. ಅದಾದ ಮೇಲೆ ಅಲ್ಲಿನ ಸೈನಿಕರ ಆತ್ಮಹತ್ಯೆ ಸುಮಾರು ಶೇ. 40ರಷ್ಟು ಇಳಿಯಿತು. ವಾರದ ಉಳಿದ ದಿನಗಳಲ್ಲಿ ಏರಲೂ ಇಲ್ಲ.

ಚುನಾವಣೆ ಬಂದಾಗ ಠಾಣೆಗೆ ಬಂದೂಕು ಒಪ್ಪಿಸುವುದು ನಮ್ಮಲ್ಲಿ ರೂಢಿಯೇ ಇದೆ. ಅವರು ಚೇತರಿಸಿಕೊಳ್ಳುವವರೆಗೆ ಠಾಣೆಯಲ್ಲೋ, ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಇಡಬಹುದಾ ಅಂತ ವಿಚಾರಿಸಿ. "ಕಿತ್ತುಕೊಳ್ತಿಲ್ಲ, ನೀವು ಹುಷಾರಾಗೋವರೆಗೆ ಮಾತ್ರ" ಅಂತ ಅವರಿಗೇ ಹೇಳಿ, ಒಪ್ಪಿಸಿ ಮಾಡಿದರೆ ಒಳ್ಳೆಯದು. ತೋಟಕ್ಕೆ ಹೊಡೆಯುವ ಔಷಧಿಯೂ ಮನೆಯೊಳಗೆ ಬೇಡ. ಮಾತ್ರೆಗಳು ನಿಮ್ಮ ಕೈಯಲ್ಲಿರಲಿ.

ಚಿಕಿತ್ಸೆಗೆ ಎಲ್ಲಿ ಹೋಗುವುದು? ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಮನೋವೈದ್ಯರಿಗೂ ನಡೆಯುತ್ತದೆ. ಆ ಯೋಜನೆಯ ಪಾಲಿಕ್ಲಿನಿಕ್‌ನಿಂದ ರೆಫರಲ್ ತೆಗೆದುಕೊಳ್ಳಿ. ತುರ್ತಾದರೆ ಮೊದಲು ಹತ್ತಿರದ ಆಸ್ಪತ್ರೆಗೆ ಓಡಿ, ಪಾಲಿಕ್ಲಿನಿಕ್‌ಗೆ 48 ಗಂಟೆಯೊಳಗೆ ತಿಳಿಸಿ. ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರಿರುತ್ತಾರೆ. ಚಿಕಿತ್ಸೆ ತೆಗೆದುಕೊಂಡರೆ ಪೆನ್ಷನ್ ನಿಲ್ಲುತ್ತದೆ ಅನ್ನುವ ಹೆದರಿಕೆ ಬೇಡ. ಪೊಲೀಸ್ ಕೇಸಿನ ಹೆದರಿಕೆಯೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಸಿಗಬೇಕು.

ಅವರ ಯೂನಿಟ್‌ನ ಹಳೆಯ ಬಡ್ಡಿಯ ನಂಬರ್ ನಿಮ್ಮ ಹತ್ತಿರ ಇದೆಯಾ? ಅವರಿಗೂ ಫೋನ್ ಮಾಡಿ, ನಡೆದದ್ದನ್ನು ಹೇಳಿ. ಡಾಕ್ಟರ್ ಹತ್ತಿರ ಬರಲ್ಲ ಅಂತ ಹಟ ಹಿಡಿದವರು, ಜೊತೆಗೆ ಬಂಕರ್‌ನಲ್ಲಿದ್ದವನು "ನಡಿ, ನಾನೂ ಬರ್ತೀನಿ" ಅಂದರೆ ಎದ್ದು ಹೊರಡಬಹುದು. ಊರಿನ ಮಾಜಿ ಸೈನಿಕರ ಸಂಘದಲ್ಲೂ ಇಂಥವರು ಸಿಗುತ್ತಾರೆ.

ಈಗಾಗಲೇ ಒಬ್ಬರನ್ನು ಕಳೆದುಕೊಂಡ ಮನೆಯವರೂ ಇದನ್ನು ಓದುತ್ತಿರಬಹುದು. "ನೀನು ಗಮನಿಸಬೇಕಿತ್ತು" ಅಂತ ನಿಮಗೆ ಹೇಳಿದವರು ತಪ್ಪು ಹೇಳಿದ್ದಾರೆ. ಹತ್ತಿರದಲ್ಲಿದ್ದವರಿಗೂ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಕುಟುಂಬ ಪಿಂಚಣಿಯ ಕಾಗದಪತ್ರಕ್ಕೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ನೆರವು ಕೇಳಿ. ಮಕ್ಕಳಿಗೆ ಅಪ್ಪ ಹೇಗೆ ಹೋದರು ಅನ್ನುವುದನ್ನು ಅವರ ವಯಸ್ಸಿಗೆ ತಕ್ಕ ಹಾಗೆ ನಿಜವನ್ನೇ ಹೇಳಿ. ಬೇರೆಯವರ ಬಾಯಿಂದ ಗೊತ್ತಾದರೆ ನೋವು ಇನ್ನೂ ಜಾಸ್ತಿ.

ಮತ್ತೆ ನೀವು, ಪ್ರಶ್ನೆ ಕೇಳಿದವರು. ನೀವೂ ಸರಿಯಾಗಿ ನಿದ್ದೆ ಮಾಡಿರಲ್ಲ, ಅಲ್ವಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಯಜಮಾನರೇ ಕರೆ ಮಾಡಬೇಕು ಅಂತೇನಿಲ್ಲ. ಅವರ ಹತ್ತಿರ ಹೇಗೆ ಮಾತು ತೆಗೆಯಲಿ ಅಂತ ಕೇಳುವುದಕ್ಕೂ ನೀವು ಕರೆ ಮಾಡಬಹುದು, ನಿಮ್ಮದೇ ಸಂಕಟ ಹೇಳಿಕೊಳ್ಳುವುದಕ್ಕೂ ಮಾಡಬಹುದು.