ಮಟನ್ ರೋಲಿನೊಳಗೆ ನೀರಿನ ಓಟ

ನಾನು ಮಾಡಿದ ಮೊದಲ ಮಟನ್ ರೋಲು ತಟ್ಟೆಯಿಂದ ಬಾಯಿಯ ತನಕ ಬರಲೇ ಇಲ್ಲ. ದಾರಿಯಲ್ಲೇ ತಳ ಹರಿದು ಒಳಗಿದ್ದದ್ದೆಲ್ಲ ಮಡಿಲಿಗೆ ಬಿತ್ತು. ಪುಣೆಯ ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಅಕ್ಕನ ಮಗ ಕೈಯಲ್ಲಿ ಉಳಿದ ಬ್ರೆಡ್ಡಿನ ಮುದ್ದೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಮಾವಾ, ಇದು ರೋಲ್ ಅಲ್ಲ, ಅಂಬಲಿ ಆಗೇತಿ" ಅಂದ. ಮಟನ್ ಮಾತ್ರ ಚಕ್ಕಳದ ಹಾಗೆ ಗಟ್ಟಿ ಇತ್ತು.

ಜುಲೈ ತಿಂಗಳು. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆ ಕಿಟಕಿಯ ಹೊರಗೆ ಮೂರು ದಿನದಿಂದ ಬಿಡದೆ ಮಳೆ. ಇಂಥ ಹವಾದಲ್ಲಿ ಬಿಸಿಬಿಸಿ ಬಾಡು ತುಂಬಿದ ಉದ್ದನೆ ರೋಲು ತಿನ್ನಬೇಕು ಅನ್ನೋದು ಹುಡುಗನ ಆಸೆ. ತಪ್ಪೇನೂ ಇಲ್ಲ. ಕುಂತು ಯೋಚಿಸಿದಾಗ ಒಂದು ಮಾತು ಹೊಳೆಯಿತು. ಬ್ರೆಡ್ ಅಂಬಲಿ ಆಗಿದ್ದೂ, ಮಟನ್ ಚಕ್ಕಳ ಆಗಿದ್ದೂ ಎರಡು ತಪ್ಪಲ್ಲ, ಒಂದೇ ತಪ್ಪು. ಮಾಂಸದೊಳಗೆ ಇರಬೇಕಾದ ನೀರು ಬ್ರೆಡ್ಡಿಗೆ ಹೋಗಿ ಕೂತಿತ್ತು.

ಈ ತಿಂಡಿಯ ತವರು ಬೇರೆ ಕಡೆ ಇದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1930ರ ಸುಮಾರಿಗೆ ಹಾಟ್‌ಡಾಗ್ ಮಾರುತ್ತಿದ್ದ ಪ್ಯಾಟ್ ಒಲಿವಿಯೇರಿ ಎಂಬಾತ ತೆಳ್ಳಗೆ ಕೊಯ್ದ ದನದ ಮಾಂಸವನ್ನು ಈರುಳ್ಳಿ ಜೊತೆ ಹುರಿದು ಉದ್ದನೆ ರೋಲಿನಲ್ಲಿ ತುಂಬಿದ. ಚೀಸ್ ಸೇರಿದ್ದು ಆಮೇಲೆ. ಲಾಸ್ ಏಂಜಲೀಸ್‌ನಲ್ಲಿ ರೋಲನ್ನು ಬೇಕಂತಲೇ ಮಾಂಸದ ರಸದಲ್ಲಿ ಅದ್ದಿ ಕೊಡುತ್ತಾರೆ. 1908ರಲ್ಲೇ ಶುರುವಾದ ಎರಡು ಹೋಟೆಲುಗಳು "ನಾವೇ ಮೊದಲು" ಎಂದು ಬಹಳ ವರ್ಷ ಜಗಳ ಆಡಿದವು. ಶಿಕಾಗೋದಲ್ಲೂ ಹೀಗೇ ನೆನೆಸಿ ತಿನ್ನುವ ಚಟ ಇದೆ. ಅಂದರೆ ನೆನೆಯುವುದೇ ಕೆಟ್ಟದ್ದಲ್ಲ. ಯಾವಾಗ ನೆನೆಯಬೇಕು, ಎಷ್ಟು ನೆನೆಯಬೇಕು ಅನ್ನೋದು ನಮ್ಮ ಕೈಯಲ್ಲಿರಬೇಕು ಅಷ್ಟೇ. ನಾನು ಮಾಡಿದ್ದು ಆಡಿನ ಮಟನ್ನಿನಲ್ಲಿ. ನಮ್ಮ ಕಡೆ ಸಿಗೋದು, ಒಗ್ಗಿದ್ದು ಅದು.

ಮೊದಲು ಬ್ರೆಡ್ಡಿನ ಕಡೆ ಬರೋಣ. ನಾವು ಜೋಳದ ನಾಡಿನವರು. ಅವ್ವ ರೊಟ್ಟಿ ಬಡಿಯಲು ಹಿಟ್ಟಿಗೆ ಕುದಿಯುವ ಎಸರು ಹಾಕುತ್ತಾಳೆ. ಹಳೇ ಹಿಟ್ಟಾದರೆ "ಜಿಗಿ ಇಲ್ಲಪಾ ಇದಕ್ಕ" ಅನ್ನುತ್ತಾಳೆ. ಆ ಜಿಗಿ ಬರುವುದು ಪಿಷ್ಟದಿಂದ. ಬಿಸಿನೀರಿನಲ್ಲಿ ಜೋಳದ ಪಿಷ್ಟದ ಕಾಳುಗಳು ಉಬ್ಬಿ ಅಂಟಾಗುತ್ತವೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುತ್ತದೆ. ಆದರೆ ಜೋಳದ ಪ್ರೋಟೀನಿಗೆ ಎಳೆದರೆ ಎಳೆಯುವ ಗುಣ ಇಲ್ಲ. ಗೋಧಿಯಲ್ಲಿ ಅದಿದೆ. ಗೋಧಿಯ ಎರಡು ಪ್ರೋಟೀನುಗಳು ನೀರು ಕುಡಿದು, ನಾದಿದಾಗ ಒಂದಕ್ಕೊಂದು ಹೆಣೆದು ಗ್ಲುಟೆನ್ ಎಂಬ ಬಲೆ ಆಗುತ್ತವೆ. ಯೀಸ್ಟ್ ಬಿಡುವ ಗಾಳಿಯನ್ನು ಈ ಬಲೆ ಬಲೂನಿನ ಹಾಗೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಜೋಳಕ್ಕೆ ರೊಟ್ಟಿ, ಗೋಧಿಗೆ ಪಾವ್. ಪಾವ್ ಅನ್ನೋ ಮಾತೇ ಪೋರ್ಚುಗೀಸರದ್ದು. ಚೋರ್ಲಾ ಘಾಟಿನ ಆಚೆ ಗೋವಾದಲ್ಲಿ ಹಿಂದೆ ಯೀಸ್ಟಿನ ಬದಲು ಸೇಂದಿ ಹಾಕಿ ಹಿಟ್ಟು ಉಬ್ಬಿಸುತ್ತಿದ್ದರು. ಸೇಂದಿಯಲ್ಲಿ ಯೀಸ್ಟ್ ತಾನೇ ಇರುತ್ತದಲ್ಲ.

ನನ್ನ ಮೊದಲ ತಪ್ಪು ಇಲ್ಲೇ ಆಗಿತ್ತು. ನಾನು ತಂದಿದ್ದು ಲಾದಿ ಪಾವ್. ವಡಾಪಾವ್‌ಗೆ, ಪಾವ್‌ಭಾಜಿಗೆ ಅದಕ್ಕಿಂತ ಚಂದದ್ದಿಲ್ಲ. ಆದರೆ ಲಾದಿ ಪಾವ್ ಭಟ್ಟಿಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಬೇಯುತ್ತದೆ. ಕಿತ್ತಾಗ ಪಕ್ಕಗಳಲ್ಲಿ ತೊಗಟೆ ಇರುವುದಿಲ್ಲ, ಬರೀ ಹತ್ತಿಯಂಥ ತಿರುಳು. ಬಿಡಿಬಿಡಿಯಾಗಿ ಬೆಂದ ಉದ್ದನೆ ರೋಲಿಗೆ ಸುತ್ತಲೂ ತೊಗಟೆ ಇರುತ್ತದೆ. ಭಟ್ಟಿಯ ಬಿಸಿಗೆ ಮೇಲ್ಮೈಯ ನೀರು ಹಾರಿ, ಅಲ್ಲಿ ತಿರುಳಿಗಿಂತ ಒತ್ತಾದ, ಒಣಗಿದ ಪದರ ಆಗಿರುತ್ತದೆ. ರಸ ಒಳಗಿನಿಂದ ಬಂದು ಅಲ್ಲಿ ತಡೆಯುತ್ತದೆ. ಉದ್ದ ಯಾಕೆ ಅಂತ ಕೇಳಬಹುದು. ಒಂದು ಬದಿ ಕೊಯ್ಯದೆ ಬಿಟ್ಟರೆ ಅದು ಬಾಗಿಲಿನ ಕೀಲಿನ ಹಾಗೆ ನಿಲ್ಲುತ್ತದೆ, ಒಳಗಿನ ಸಾಮಾನು ಕೆಳಗೆ ಬೀಳುವುದಿಲ್ಲ. ಪ್ರತಿ ಕಚ್ಚಿಗೂ ತೊಗಟೆ, ತಿರುಳು, ಮಾಂಸ ಮೂರೂ ಒಂದೇ ಪ್ರಮಾಣದಲ್ಲಿ ಸಿಗುತ್ತದೆ. ಗುಂಡು ಬನ್ನಿನಲ್ಲಿ ನಡುವೆ ಬರೀ ಮಾಂಸ, ಅಂಚಿಗೆ ಬರೀ ಬನ್ನು, ಅಲ್ವಾ?

ಎರಡನೇ ಸಲ ಕ್ಯಾಂಪ್ ಕಡೆ ಒಂದು ಬೇಕರಿಯಲ್ಲಿ ಹೇಳಿ, ಗೇಣುದ್ದದ ರೋಲುಗಳನ್ನು ತಟ್ಟೆಯಲ್ಲಿ ದೂರದೂರ ಇಟ್ಟು ಬೇಯಿಸಿಕೊಂಡೆ. ಶನಿವಾರವೇ ತಂದೆ. ಫ್ರಿಜ್‌ನಲ್ಲಿ ಇಡಲಿಲ್ಲ. ಬ್ರೆಡ್ ಹಳತಾಗಿ ಗಟ್ಟಿ ಆಗುವುದು ಒಣಗಿದ್ದಕ್ಕೇ ಅಂತ ನಾವೆಲ್ಲ ತಿಳಿದಿದ್ದೇವೆ. 1852ರಲ್ಲಿ ಫ್ರಾನ್ಸಿನ ಬುಸಾಂಗೋ ಎಂಬ ರಸಾಯನ ವಿಜ್ಞಾನಿ ಬ್ರೆಡ್ಡನ್ನು ಗಾಳಿಯಾಡದಂತೆ ಮುಚ್ಚಿಟ್ಟು ನೋಡಿದ. ಒಂದು ಹನಿ ನೀರು ಹೊರಗೆ ಹೋಗದಿದ್ದರೂ ಅದು ಗಟ್ಟಿ ಆಯಿತು. ಮತ್ತೆ ಬಿಸಿ ಮಾಡಿದರೆ ಮೆತ್ತಗಾಯಿತು. ಬೆಂದಾಗ ಬಿಚ್ಚಿಕೊಂಡಿದ್ದ ಪಿಷ್ಟದ ಎಳೆಗಳು ತಣ್ಣಗಾದ ಮೇಲೆ ಮತ್ತೆ ಸಾಲಾಗಿ ಒತ್ತೊತ್ತಾಗಿ ಕೂರುತ್ತವೆ, ಅದೇ ಕಾರಣ. ಈ ಕೆಲಸ ಫ್ರಿಜ್‌ನ ತಂಪಿನಲ್ಲಿ ಎಲ್ಲಕ್ಕಿಂತ ಜೋರಾಗಿ ನಡೆಯುತ್ತದೆ. 60 ಡಿಗ್ರಿ ದಾಟಿಸಿದರೆ ಎಳೆಗಳು ಸಡಿಲಾಗುತ್ತವೆ. ಹಾಗಾಗಿ ನಿನ್ನೆಯ ರೋಲು ತವೆ ಮೇಲೆ ಮರುಜನ್ಮ ಪಡೆಯುತ್ತದೆ. ನನ್ನ ಕೇಳಿದರೆ ಈ ಕೆಲಸಕ್ಕೆ ನಿನ್ನೆಯದೇ ಒಳ್ಳೆಯದು. ಹೊಸದು ತೀರಾ ಮೆತ್ತಗೆ, ಕೊಯ್ಯುವಾಗಲೇ ಕುಸಿಯುತ್ತದೆ.

ಇನ್ನು ಮಾಂಸ. ಮೊದಲ ಸಲ ನಾನು ಜಾಣತನ ಮಾಡಿ ರಾನ್, ಅಂದರೆ ಹಿಂಗಾಲಿನ ತೊಡೆ, ತಂದಿದ್ದೆ. ಎರಡನೇ ಸಲವೂ ಅದನ್ನೇ ಕೇಳಿದಾಗ ಅಂಗಡಿಯ ಕಾಕಾ ಕತ್ತಿ ಕೆಳಗಿಟ್ಟರು.

"ರಾನ್ ಯಾಕ್ರೀ ಸರ? ಮುಂಗಾಲಿಂದ ಒಯ್ಯಿರಿ. ಬೇಯಾಕ ತಡಾ ಆಗ್ತೈತಿ, ಖರೆ. ಆದ್ರ ಬೆಂದ ಮ್ಯಾಲ ಬೆಣ್ಣಿ."

ಕಾಕಾ ಹೇಳಿದ್ದು ಪಕ್ಕಾ ವಿಜ್ಞಾನ. ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಅದು ದಾರದಂಥ ಎಳೆಗಳ ಒಳಗೆ ಇರುತ್ತದೆ. ಆ ಎಳೆಗಳ ಕಟ್ಟುಗಳ ಸುತ್ತ ಕೊಲಾಜನ್ ಎಂಬ ಗಟ್ಟಿ ಪ್ರೋಟೀನಿನ ಚೀಲ. 60 ಡಿಗ್ರಿ ದಾಟುತ್ತಿದ್ದ ಹಾಗೆ ಈ ಚೀಲ ಕುಗ್ಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರನ್ನು ಹಿಂಡುತ್ತದೆ. ಮಟನ್ ನೀರು ಬಿಟ್ಟಿತು ಅಂತೇವಲ್ಲ, ಅದು ಇದೇ. ಅಲ್ಲಿಗೆ ನಿಲ್ಲಿಸಿದರೆ ಚಕ್ಕಳ. ಆದರೆ ಅದೇ ಕೊಲಾಜನ್ ನೀರಿನಲ್ಲಿ ಹೊತ್ತು ಕಳೆದರೆ ಕರಗಿ ಜೆಲಾಟಿನ್ ಆಗುತ್ತದೆ. ಎಳೆಗಳು ಸಡಿಲಾಗುತ್ತವೆ, ನಡುವೆ ಜೆಲಾಟಿನ್ ಜಾರುತ್ತದೆ. ನೀರು ಕಳೆದುಕೊಂಡ ಮಾಂಸವೂ ಬಾಯಿಗೆ ರಸರಸ ಅನ್ನಿಸುತ್ತದೆ. ಆಡು ಇಡೀ ದಿನ ಮುಂಗಾಲು ಊರಿ ಮೇಯುತ್ತದೆ, ಗಿಡಕ್ಕೆ ಹತ್ತುತ್ತದೆ. ದುಡಿದ ಜಾಗದಲ್ಲಿ ಕೊಲಾಜನ್ ಜಾಸ್ತಿ. ಜಾಸ್ತಿ ಕೊಲಾಜನ್ ಅಂದರೆ ಮೊದಲು ಜಾಸ್ತಿ ಗಟ್ಟಿ, ಆಮೇಲೆ ಜಾಸ್ತಿ ಮೆತ್ತಗೆ.

ಮುಕ್ಕಾಲು ಕಿಲೋ ಮೂಳೆ ಇಲ್ಲದ ಮುಂಗಾಲಿನ ಮಾಂಸವನ್ನು ನಾಲ್ಕೇ ದೊಡ್ಡ ತುಂಡು ಮಾಡಿಸಿದೆ. ರಾತ್ರಿಯೇ ಒಂದೂವರೆ ಚಮಚ ಉಪ್ಪು ಸವರಿ ಫ್ರಿಜ್‌ನಲ್ಲಿಟ್ಟೆ. ಉಪ್ಪು ಮೆಲ್ಲಗೆ ಒಳಗಿಳಿದು ಎಳೆಯ ಪ್ರೋಟೀನನ್ನು ಸ್ವಲ್ಪ ಬಿಡಿಸುತ್ತದೆ. ಬಿಚ್ಚಿದ ಪ್ರೋಟೀನು ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಬೆಳಿಗ್ಗೆ ಮನೆಯ ಮಸಾಲೆ ಖಾರ, ಶುಂಠಿ, ಬೆಳ್ಳುಳ್ಳಿ, ಎರಡು ಲೋಟ ನೀರು ಹಾಕಿ ಕುಕ್ಕರಿಗೆ ಏರಿಸಿದೆ.

ಕುಕ್ಕರ್ ಯಾಕೆ? ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100ಕ್ಕೆ ಅಲ್ಲ, ಹತ್ತಿರ ಹತ್ತಿರ 97.5 ಡಿಗ್ರಿಗೇ ಕುದಿಯುತ್ತದೆ. ಬೋಗುಣಿಯಲ್ಲಿ ಎಷ್ಟೇ ಬೆಂಕಿ ಹಚ್ಚಿದರೂ ಅದರ ಮೇಲೆ ಹೋಗುವುದಿಲ್ಲ. ಕುಕ್ಕರಿನಲ್ಲಿ ಒತ್ತಡ ಏರಿ ಒಳಗಿನ ಬಿಸಿ 118 ಡಿಗ್ರಿಯ ಆಸುಪಾಸು ಮುಟ್ಟುತ್ತದೆ. ಕೊಲಾಜನ್ ಕರಗಲು ಅಷ್ಟೇ ಸಾಕು, ಮೂರು ತಾಸಿನ ಕೆಲಸ ಮುಕ್ಕಾಲು ತಾಸಿಗೆ ಮುಗಿಯುತ್ತದೆ. ಮೊದಲ ಸೀಟಿ ಆದ ಮೇಲೆ ಉರಿ ಸಣ್ಣ ಮಾಡಿ ನಲವತ್ತು ನಿಮಿಷ ಬಿಟ್ಟೆ. ಇನ್ನೊಂದು ಮಾತು, ಅವಸರಕ್ಕೆ ಸೀಟಿ ಎತ್ತಿ ಹಬೆ ಬಿಡಬೇಡಿ. ಒತ್ತಡ ಥಟ್ಟನೆ ಇಳಿದರೆ ಮಾಂಸದೊಳಗಿನ 118 ಡಿಗ್ರಿಯ ನೀರು ಒಮ್ಮೆಲೇ ಕುದಿಯುತ್ತದೆ, ಎಳೆಗಳನ್ನು ಸೀಳಿಕೊಂಡು ಹೊರಗೆ ಓಡುತ್ತದೆ. ತಾನಾಗೇ ಇಳಿಯಲಿ. ರಸ್ಸಾದಲ್ಲೇ ಅರ್ಧ ತಾಸು ಮುಳುಗಿದ್ದರೆ ಹೋದ ನೀರು ಸ್ವಲ್ಪ ವಾಪಸ್ಸೂ ಬರುತ್ತದೆ.

ಹಸಿ ಪರಂಗಿಕಾಯಿ ಹಚ್ಚಿದರೆ ಬೇಗ ಮೆತ್ತಗಾಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಆಗುತ್ತದೆ. ಆದರೆ ಅದರಲ್ಲಿರುವ ಪಪೇಯಿನ್ ಎಂಬ ಕಿಣ್ವ ಕೊಲಾಜನ್ನಿನ ಜೊತೆ ಮಾಂಸದ ಎಳೆಯನ್ನೂ ತಿನ್ನುತ್ತದೆ. ಕಬಾಬಿಗೆ ಸರಿ, ಇಲ್ಲಿ ಬೇಡ. ರೋಲಿಗೆ ಎಳೆ ಬೇಕು.

ಬೆಂದ ತುಂಡುಗಳನ್ನು ಕೈಯಿಂದಲೇ ದಪ್ಪ ಎಳೆಗಳಾಗಿ ಬಿಡಿಸಿದೆ. ಈಗ ತವೆ. ಬೀಡಿನ ತವೆ ಇದ್ದರೆ ಒಳ್ಳೆಯದು, ದಪ್ಪ ಇರುವುದರಿಂದ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ನಡೆಯಬೇಕಾದ ಕೆಲಸಕ್ಕೆ ಮೈಯಾರ್ ಕ್ರಿಯೆ ಅಂತ ಹೆಸರು. 1912ರಲ್ಲಿ ಲೂಯಿ ಕಮೀಲ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ ಅಮೈನೋ ಆಮ್ಲ ಮತ್ತು ಸಕ್ಕರೆಯನ್ನು ಸೇರಿಸಿ ಕಾಯಿಸಿ, ಕಂದು ಬಣ್ಣ ಬಂದದ್ದನ್ನು ಬರೆದಿಟ್ಟ. ಅಡುಗೆ ಅವನ ತಲೆಯಲ್ಲಿ ಇರಲಿಲ್ಲ. ಆದರೆ ನಮ್ಮ ಬೆಳಗಾವಿ ಕುಂದಾ ಬಿಳಿ ಹಾಲಿನಿಂದ ಹುಟ್ಟಿ ಕಂದು ಆಗುವುದರಲ್ಲೂ, ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆಯಲ್ಲೂ, ಹುರಿದ ಮಟನ್ನಿನ ಘಮದಲ್ಲೂ ಇದೇ ಕ್ರಿಯೆಯ ಕೈ ಇದೆ. 140 ಡಿಗ್ರಿ ದಾಟಿದರೆ ಅದು ಜೋರಾಗಿ ನಡೆಯುತ್ತದೆ. ಮಾಂಸದ ಮೇಲೆ ನೀರು ಇರುವ ತನಕ ಅಲ್ಲಿನ ಬಿಸಿ ಕುದಿಯುವ ಮಟ್ಟದಲ್ಲೇ ನಿಂತುಬಿಡುತ್ತದೆ. ಆ ನೀರನ್ನು ಆವಿ ಮಾಡಲು ಎಷ್ಟು ಬೆಂಕಿ ಬೇಕು ಗೊತ್ತಾ? ಒಂದು ಲೋಟ ನೀರನ್ನು ತಣ್ಣಗಿನಿಂದ ಕುದಿಯುವ ತನಕ ತರಲು ಬೇಕಾಗುವುದರ ಏಳು ಪಟ್ಟು. ಮೊದಲ ಸಲ ನಾನು ಎಲ್ಲ ಮಟನ್ನನ್ನೂ ಒಮ್ಮೆಲೇ ತವೆಗೆ ಸುರಿದಿದ್ದೆ. ಅದು ಹುರಿಯಲೇ ಇಲ್ಲ, ತನ್ನ ನೀರಿನಲ್ಲೇ ಬೇಯುತ್ತಾ ಕೂತಿತ್ತು. ಈ ಸಲ ಮೂರು ಸರದಿ ಮಾಡಿ, ಒಂದೊಂದು ಮುಷ್ಟಿ ಹರಡಿ, ಎರಡು ನಿಮಿಷ ಮುಟ್ಟದೆ ಬಿಟ್ಟೆ. ಸುಂಯ್ ಸದ್ದು ಚಟಪಟ ಸದ್ದಾಗಿ ತಿರುಗಿದ್ದು ಕಿವಿಗೇ ಗೊತ್ತಾಯಿತು. ನೀರು ಮುಗಿಯಿತು, ಎಣ್ಣೆ ಉಳಿಯಿತು ಅಂತ ಅರ್ಥ. ಅಂಚುಗಳು ಕಂದಾಗಿ ಗರಿಗರಿ ಆಗಿದ್ದವು.

ಕೊನೆಗೆ ಉಳಿದದ್ದು ರಸ್ಸಾ. ರೋಲಿನ ಹಣೆಬರಹ ಇರುವುದು ಇದರಲ್ಲೇ. ಬ್ರೆಡ್ಡಿನ ತಿರುಳು ಅಂದರೆ ಸಣ್ಣ ಸಣ್ಣ ತೂತುಗಳ ಕಾಡು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ರಸ ಎಳೆಯುತ್ತದೆ. 1921ರಲ್ಲಿ ಎಡ್ವರ್ಡ್ ವಾಶ್‌ಬರ್ನ್ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೊಂದು ಲೆಕ್ಕ ಕೊಟ್ಟ. ದ್ರವ ಹೋಗುವ ದೂರ ಎರಡು ಪಟ್ಟಾಗಲು ಹೊತ್ತು ನಾಲ್ಕು ಪಟ್ಟು ಬೇಕು. ಮೊದಲ ಅರ್ಧ ಸೆಂಟಿಮೀಟರಿಗೆ ಒಂದು ನಿಮಿಷ ಹಿಡಿದರೆ, ಪೂರ್ತಿ ಒಂದಕ್ಕೆ ನಾಲ್ಕು ನಿಮಿಷ. ಹಾಗಾಗಿ ರೋಲು ಸ್ವಲ್ಪ ದಪ್ಪ ಇದ್ದರೂ ಲಾಭ ಬಹಳ. ದ್ರವ ನಾಲ್ಕು ಪಟ್ಟು ಮಂದ ಆದರೆ, ಅದೇ ಹೊತ್ತಿನಲ್ಲಿ ಅರ್ಧ ದೂರ ಮಾತ್ರ ಹೋಗುತ್ತದೆ. ಬ್ರೆಡ್ಡು ನೀರು ಕುಡಿದು ಉಬ್ಬುವುದರಿಂದ ಲೆಕ್ಕ ಪೂರ್ತಿ ತಾಳೆ ಆಗುವುದಿಲ್ಲ. ಆದರೂ ದಾರಿ ತೋರಿಸಲು ಸಾಕು. ರಸ್ಸಾ ಮಂದ ಮಾಡಬೇಕು. ಹಿಟ್ಟು ಕದಡುವ ಗರಜೇ ಇಲ್ಲ, ಜೆಲಾಟಿನ್ ಆಗಲೇ ಅದರೊಳಗೆ ಇದೆ. ಮೇಲೆ ತೇಲಿದ ಕೆಂಪು ತರಿಯನ್ನು ತೆಗೆದು ಬೇರೆ ಇಟ್ಟೆ. ಮೆಣಸಿನಕಾಯಿಯ ಬಣ್ಣ, ಖಾರ ಎರಡೂ ಎಣ್ಣೆಯಲ್ಲಿ ಕರಗುತ್ತವೆ, ಅದನ್ನು ಚೆಲ್ಲುವುದು ಪಾಪ. ಉಳಿದದ್ದನ್ನು ಅಗಲ ಬಾಣಲೆಯಲ್ಲಿ ಕುದಿಸಿ ಮೂರರಲ್ಲಿ ಒಂದು ಪಾಲಿಗೆ ಇಳಿಸಿದೆ. ಸೌಟಿನ ಬೆನ್ನಿಗೆ ಹತ್ತಿ ನಿಲ್ಲುವಷ್ಟು.

ರೋಲು ಕೊಯ್ದು ಒಳಮೈಗೆ ಆ ತರಿ ಸವರಿ, ತವೆಗೆ ಬೋರಲು ಹಾಕಿ ಗಟ್ಟಿ ಒತ್ತಿದೆ. ಒಳಗೂ ಒಂದು ತೆಳು ತೊಗಟೆ ಹುಟ್ಟಿತು. ಎಲ್ಲರೂ ಬೆಣ್ಣೆ ಹಚ್ಚಿ, ನೀರು ತಡೆಯುತ್ತದೆ ಅನ್ನುತ್ತಾರೆ. ತಣ್ಣನೆ ಸ್ಯಾಂಡ್‌ವಿಚ್‌ಗೆ ಆ ಮಾತು ಖರೆ. ಬಿಸಿ ಮಾಂಸದ ಕೆಳಗೆ ಬೆಣ್ಣೆ 35 ಡಿಗ್ರಿಗೇ ಕರಗಿ ಹೋಗುತ್ತದೆ, ಗೋಡೆ ಆಗಿ ನಿಲ್ಲುವುದಿಲ್ಲ. ಅದಕ್ಕಿಂತ ಒಂದು ಚೀಸ್ ಸ್ಲೈಸ್ ಹಾಸುವುದು ಮೇಲು. ಸಂಸ್ಕರಿಸಿದ ಚೀಸಿನಲ್ಲಿ ಸಿಟ್ರೇಟ್ ಇಲ್ಲವೇ ಫಾಸ್ಫೇಟ್ ಉಪ್ಪು ಹಾಕಿರುತ್ತಾರೆ. ಕರಗಿದರೂ ಕೊಬ್ಬು ಬೇರೆ, ನೀರು ಬೇರೆ ಆಗದೆ ಒಂದೇ ಪದರವಾಗಿ ಉಳಿಯುತ್ತದೆ. ಅದರ ಮೇಲೆ ಹುರಿದ ಮಟನ್, ಕೆಂಪಗಾದ ಈರುಳ್ಳಿ, ಎರಡು ಚಮಚ ಮಂದ ರಸ್ಸಾ, ಹಿಂಡಿದ ನಿಂಬೆ. ಬಟರ್ ಪೇಪರಿನಲ್ಲಿ ಒಂದೇ ನಿಮಿಷ ಸುತ್ತಿಟ್ಟೆ. ಜಾಸ್ತಿ ಹೊತ್ತು ಸುತ್ತಿದರೆ ಒಳಗಿನ ಹಬೆಯೇ ತೊಗಟೆಯನ್ನು ಮೆತ್ತಗೆ ಮಾಡುತ್ತದೆ.

ಒಂದು ರೋಲನ್ನು ಪರೀಕ್ಷೆಗೆ ಅಂತ ತಟ್ಟೆಯಲ್ಲಿಟ್ಟು ಗಡಿಯಾರ ನೋಡುತ್ತಾ ಕೂತೆ. ಏಳನೇ ನಿಮಿಷಕ್ಕೆ ಎತ್ತಿ ನೋಡಿದಾಗಲೂ ತಳ ಒಣಗೇ ಇತ್ತು. ಹತ್ತನೇ ನಿಮಿಷದ ಲೆಕ್ಕ ನನಗೆ ಸಿಗಲಿಲ್ಲ, ಅಳಿಯ ಅದನ್ನೂ ತಿಂದಿದ್ದ. ಅವ್ವ ರೋಲಿನ ಕಡೆ ನೋಡಲೂ ಇಲ್ಲ. ಖಡಕ್ ರೊಟ್ಟಿ ಮುರಿದು ಬಟ್ಟಲಲ್ಲಿ ಹಾಕಿ, ಮೇಲೆ ರಸ್ಸಾ ಸುರಿದುಕೊಂಡು, ನೆನೆಯುವ ತನಕ ಸುಮ್ನೆ ಕೂತಿದ್ದಳು. ಲಾಸ್ ಏಂಜಲೀಸ್‌ನವರ ಜಗಳದ ಬಗ್ಗೆ ಹೇಳಿದೆ. "ಅವರಿಗೆ ರೊಟ್ಟಿ ಸಿಕ್ಕಿಲ್ಲ ಬಿಡು" ಅಂದಳು.

ಉಳಿದ ರಸ್ಸಾ, ಮಟನ್ನು ಎರಡು ತಾಸಿನೊಳಗೆ ಫ್ರಿಜ್ ಸೇರಿತು. ಬೆಚ್ಚಗೆ ಬಿಟ್ಟ ಮಾಂಸದಲ್ಲಿ, ಬೇಯಿಸಿದರೂ ಸಾಯದ ಕೆಲವು ಬ್ಯಾಕ್ಟೀರಿಯಾದ ಬೀಜಕಗಳು ಮತ್ತೆ ಚಿಗುರುತ್ತವೆ. ಮಾರನೇ ದಿನ ಬೆಳಿಗ್ಗೆ ಅಳಿಯ ಫ್ರಿಜ್ ತೆಗೆದು ನನ್ನನ್ನು ಕೂಗಿದ. ಬಟ್ಟಲಿನ ರಸ್ಸಾ ಅಲುಗಾಡುತ್ತಿರಲಿಲ್ಲ. ಬೆರಳಿನಿಂದ ಒತ್ತಿದ, ನಡುಗಿತು. ಬಟ್ಟಲನ್ನು ಸಿಂಕಿನ ಮೇಲೆ ಹಿಡಿದು ಬೋರಲು ಮಾಡಿದ. ಒಂದು ಹನಿ ಬೀಳಲಿಲ್ಲ. ಚಾಕುವಿನಿಂದ ಎರಡು ಚೂರು ಕೊಯ್ದು, ಉಳಿದ ಒಂದು ರೋಲಿಗೆ ಹಾಸಿ, ಮೇಲೆ ಮಟನ್ ಇಟ್ಟು, ತವೆಗೆ ಹಾಕಿದೆವು.